ಹಾರಿಹೋದ ಭಾಗ

ಶುಕ್ರವಾರ, ನಿಜ್ವಾದ ಸೂಕಿನಲ್ಲಿ
ಆಡುಗಳ ಹರಾಜು ಮುಗಿದ ಮೇಲೆ
ಸುಲೈಯಂ ಚಾಪೆ ಹಾಸಿ
ಅರಾಕ್ ಬೇರಿನ ಕಟ್ಟುಗಳನ್ನು ಸಾಲಾಗಿ ಇಡುತ್ತಾನೆ.
ಕಿರುಬೆರಳಿನ ದಪ್ಪ, ಮೇಲೆ ಒದ್ದೆ ಗೋಣಿ.
"ಒಣಗಿದರೆ ಇದು ಬರೀ ಕಟ್ಟಿಗೆ" ಎಂದ.
ಕೇಳಿಸಿಕೊಂಡೆ. ಬರೆದುಕೊಳ್ಳಲಿಲ್ಲ.

ಹಾಗೆ ನೋಡಿದರೆ ನನ್ನದು ಬರೆದುಕೊಳ್ಳುವ ಕೆಲಸವೇ.
ತೂಕ ಎರಡು ಕಿಲೊ.
ಸಿಕ್ಕ ಜಾಗ, ಬಹ್ಲಾ ದಾಟಿ ಮೂರನೇ ವಾದಿ.
ತೊಳೆದು, ಕತ್ತರಿಸಿ, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ
ಮೆಥನಾಲಿನಲ್ಲಿ ಮೂರು ರಾತ್ರಿ ನೆನೆಹಾಕಿದೆ.
ಇನ್ನುಳಿದದ್ದು ಬೇರನ್ನು ಬೇರ್ಪಡಿಸುವುದು.
ಈ ಮಾತು ಮನಸ್ಸಿಗೆ ಬಂದಾಗಲೆಲ್ಲ ನನಗೊಬ್ಬಳಿಗೇ ನಗು.
ಡಾಕ್ಟರ್ ಇಜ್ಜೆಲ್ದೀನ್ ಸುಡಾನಿನವರು;
ಅವರಿಗೆ ವಿವರಿಸಲು ಹೋಗಿ ಅರ್ಧಕ್ಕೇ ಬಿಟ್ಟೆ.
ಇಲ್ಲಿಗೆ ಬಂದು ಹನ್ನೊಂದು ವರ್ಷ.
ಬೇರು ಬಿಟ್ಟೆಯಾ ಎಂದು ಊರಿನವರು ಫೋನಿನಲ್ಲಿ ಕೇಳುತ್ತಾರೆ,
ಯಾವ ಅರ್ಥದಲ್ಲಿ ಎಂದು ನಾನು ಕೇಳುವುದಿಲ್ಲ.

ಬಿಸಿನೀರಿನ ಮೇಲೆ ಗಾಜಿನ ಬುರುಡೆ ತಿರುಗುತ್ತದೆ.
ದ್ರಾವಣ ಇಂಗುತ್ತ ಇಂಗುತ್ತ
ತಳದಲ್ಲಿ ಜೋನಿಬೆಲ್ಲದಂಥ ಕಂದು ಅಂಟು.
ಕೋಣೆಯ ತುಂಬ ಸಾಸಿವೆ ಸಿಡಿದ ಘಾಟು,
ಹುಮನಾಬಾದಿನ ಯಾವುದೋ ಮನೆಯಲ್ಲಿ ಯಾರೋ
ಒಗ್ಗರಣೆಗೆ ಇಟ್ಟು ಮರೆತಂತೆ.
ಕಣ್ಣು ಉರಿಯಿತು. ಫ್ಯಾನು ಹಾಕಿದೆ,
ಎಲ್ಲವೂ ಹೊರಗೆ ಹೋಯಿತು.

ಹದಿನೇಳು ಸೀಸೆ, ಹದಿನೇಳು ತಟ್ಟೆ.
ಒಸಡು ಕೊಳೆಸುವ ಜೀವಿಗಳು
ಕೆನೆಗಟ್ಟಿದ ಹಾಗೆ ಬೆಳೆದು
ನಮ್ಮ ಬಿಲ್ಲೆಗಳ ಮೇಲೂ ಹತ್ತಿ ಕೂತಿದ್ದವು.
ಮದ್ದು ಗೆದ್ದಿದ್ದರೆ ಬಿಲ್ಲೆಯ ಸುತ್ತ
ಒಂದು ಖಾಲಿ ವೃತ್ತ ಇರಬೇಕಿತ್ತು.
ನಮ್ಮ ಕಸುಬಿನಲ್ಲಿ ಏನೂ ಇಲ್ಲದಿರುವುದೇ ಫಲ.
ಸ್ಕೇಲು ಹಿಡಿದು
ಸೊನ್ನೆಯನ್ನು ಹದಿನೇಳು ಸಲ ಅಳೆದೆ.

ನೆಲ ಒರೆಸುವ ಮೊತಿಉರ್ ನೊವಾಖಾಲಿಯವನು,
ದವಡೆಯಲ್ಲಿ ಸದಾ ಒಂದು ತುಂಡು ಅರಾಕ್.
"ಹಸಿಯದ್ದು ಜಗಿದು ನೋಡಿ ಆಪಾ,
ಮೂಗಿಗೆ ಹತ್ತಬೇಕು.
ಹತ್ತಲಿಲ್ಲವೋ, ಕಡ್ಡಿ ಸತ್ತಿದೆ."
ಜಗಿದೆ.
ಅದೇ ಸಾಸಿವೆ.
ಬಕೀಟಿನ ಪಕ್ಕ ನಿಂತೇ ಇದ್ದೆ,
ಫ್ಯಾನಿನ ಕಡೆ ನೋಡುತ್ತ.

ಆ ರಾತ್ರಿ ತಟ್ಟೆಗಳನ್ನು ಬೋರಲು ಹಾಕಿ
ಮುಚ್ಚಳದಲ್ಲಿ ಹಸಿ ಬೇರಿನ ಹೆರೆ ಇಟ್ಟೆ.
ಮೇಲೆ ಅವು, ಕೆಳಗೆ ಇದು,
ನಡುವೆ ಬೆರಳಗಲದ ಗಾಳಿ. ಮುಟ್ಟಿಸಲಿಲ್ಲ.
ಮೂರನೆಯ ಬೆಳಿಗ್ಗೆ ವೃತ್ತವೂ ಇರಲಿಲ್ಲ,
ಅಳೆಯೋಣವೆಂದರೆ ಅಂಚೇ ಇಲ್ಲ,
ತಟ್ಟೆಗೆ ತಟ್ಟೆಯೇ ತೊಳೆದಿಟ್ಟಂತೆ.
ಡಾಕ್ಟರರು ಕಿಟಕಿಯ ಬೆಳಕಿಗೆ ಹಿಡಿದು
ಬಹಳ ಹೊತ್ತಿನ ಮೇಲೆ, "ಇನ್ನೊಮ್ಮೆ ಮಾಡು" ಅಂದರು.
ಅವರ ಮೆಚ್ಚುಗೆಯೇ ಹಾಗೆ.

ಎಸೆಯಬೇಕೆಂದಿದ್ದ ಸೀಸೆಗಳಲ್ಲಿ
ಒಂಬತ್ತನೆಯದಕ್ಕೆ ಬೇರೆ ಗುಣ ಇತ್ತು:
ಇಲಿಯ ಊದಿದ ಪಾದ
ನಾಲ್ಕು ತಾಸಿನಲ್ಲಿ ಇಳಿಯಿತು.
ಕೊಲ್ಲುವುದು ಆವಿಯಾಗಿ ಹಾರಿತ್ತು,
ತಣಿಸುವುದು ತಳ ಹಿಡಿದು ಕೂತಿತ್ತು.
ಒಂದೇ ಬೇರಿನ ಮಕ್ಕಳು.
ಅಷ್ಟು ದಿನ ಒಬ್ಬನ ಹೆಸರು ಹಿಡಿದು
ಇನ್ನೊಬ್ಬನನ್ನು ಕರೆಯುತ್ತಿದ್ದೆ.

ಮುಂದಿನ ಶುಕ್ರವಾರ ಸುಲೈಯಂನಿಗೆ ಹೇಳಿದೆ,
ನೀನಂದದ್ದು ಸರಿ.
ಅವನಿಗೆ ತಾನಂದದ್ದು ನೆನಪಿರಲಿಲ್ಲ.
ಚಾಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತು
ಈ ಸಲ ಬರೆದುಕೊಂಡೆ, ತಾರೀಖು ಹಾಕಿ:
ಒಣಗಿದರೆ ಕಟ್ಟಿಗೆ.
ವರದಿಯಲ್ಲಿ ಅಂಥದ್ದಕ್ಕೆ ಕಾಲಮ್ಮಿಲ್ಲ;
ಅಂಚಿನಲ್ಲಿ, ಕನ್ನಡದಲ್ಲಿ.
ಅರ್ಧ ರಿಯಾಲು ಎಣಿಸಿ ಕೊಟ್ಟೆ.
ಅವನು ಗೋಣಿ ಎತ್ತಿ, ತಡಕಿ,
ಕೊಸರಿಗೆ ಇನ್ನೊಂದು ಬೇರು ಹಾಕಿದ.